ಎಸ್.ಪಿ. ರಸ್ತೆಯಲ್ಲಿ ಉಳಿದಿರುವ ಒಂದು ಬಿಡಿಭಾಗಗಳ ಅಂಗಡಿ

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ನಾವೆಲ್ಲ ಎಸ್.ಪಿ. ರೋಡ್ ಎನ್ನುವಲ್ಲಿ, ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಿಗೆ ರೆಸಿಸ್ಟರ್, ಕೆಪಾಸಿಟರ್‌ನಂಥ ಸರ್ಕ್ಯೂಟ್ ಭಾಗಗಳನ್ನು ಬಿಡಿಯಾಗಿ ಮಾರುವ ಅಂಗಡಿಗಳು ಕಡಿಮೆಯಾಗುತ್ತಿದ್ದು, ಮೊಬೈಲ್ ಸಾಮಗ್ರಿ ಮತ್ತು ಸಿಸಿಟಿವಿ ಕ್ಯಾಮೆರಾಗಳ ವ್ಯಾಪಾರವೇ ಎದ್ದು ಕಾಣುತ್ತದೆ. ಅಲ್ಲಿನ ಗಲ್ಲಿಯೊಂದರಲ್ಲಿ ಉಳಿದಿರುವ ಹಳೆಯ ಅಂಗಡಿಗೆ ಕಳೆದ ವಾರ ಹೋಗಿದ್ದೆ.

555 ಟೈಮರ್ ಐಸಿ, ಬಿಸಿ547 ಟ್ರಾನ್ಸಿಸ್ಟರ್, 12 ವೋಲ್ಟ್ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಕೇಳಿದ ಕೂಡಲೇ ಸಿಕ್ಕವು. 4.7 ಕಿಲೋ ಓಮ್ ರೆಸಿಸ್ಟರ್ ಕೇಳಿದಾಗ ಅಂಗಡಿಯ ಯಜಮಾನರು ಡಬ್ಬಿಯ ಮೇಲಿನ ಚೀಟಿಯನ್ನಷ್ಟೇ ನಂಬದೆ, ಓಮ್ ಮೌಲ್ಯವನ್ನು ಸೂಚಿಸುವ ಹಳದಿ, ನೇರಳೆ, ಕೆಂಪು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ, ಒಂದನ್ನು ಮಲ್ಟಿಮೀಟರಿನಲ್ಲಿ ಅಳೆದು, ಹತ್ತನ್ನು ಎಣಿಸಿ ಪೊಟ್ಟಣ ಕಟ್ಟಿಕೊಟ್ಟರು. “ರಿಲೇ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿದ್ದೀರಾ ಸಾರ್? ಇಲ್ಲದಿದ್ದರೆ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತೆ” ಎಂದು ಅವರೇ ಕೇಳಿದರು. ಆ ಡಯೋಡನ್ನು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಭಾಗವನ್ನು, ನಾನು ಹಾಕಿರಲಿಲ್ಲ. ಆನ್‌ಲೈನ್ ಖರೀದಿಯಲ್ಲಿ ಇಂಥ ಎಚ್ಚರಿಕೆ ಯಾರಿಂದ ಸಿಕ್ಕೀತು?

ಕೊರತೆಗಳೂ ಇವೆ. ಈಗಿನ ಸರ್ಕ್ಯೂಟ್ ಬೋರ್ಡುಗಳಿಗೆ ಬೇಕಾಗುವ ಎಸ್‌ಎಂಡಿ ಭಾಗಗಳು (ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಭಾಗಗಳು) ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ; ಬಿಲ್ಲನ್ನು ಕೇಳಿಯೇ ಪಡೆಯಬೇಕು. ಆದರೂ ಎರಡೇ ಡಯೋಡ್ ಬೇಕಾದವರಿಗೆ ಸಾಗಣೆ ವೆಚ್ಚವಿಲ್ಲದೆ, ಬೇಸರಪಡದೆ ಎರಡನ್ನೇ ಕೊಡುವ ಈ ಅಂಗಡಿಯನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಬೇಕಾದ ಭಾಗಗಳ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು, ಜನಸಂದಣಿ ಕಡಿಮೆಯಿರುವ ಬೆಳಗಿನ ಹೊತ್ತಿನಲ್ಲಿ ಹೋಗುವುದು ಒಳ್ಳೆಯದು.