ಭೂತರಾಮನಹಟ್ಟಿಗೆ ಯಾವ ಬಸ್ಸು? ಸಿಟಿ ಬಸ್ಸೋ, ಸಂಕೇಶ್ವರದ ಬಸ್ಸೋ

ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯಲ್ಲಿರುವ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಸಿಲೆಬಸ್ ಬಗ್ಗೆ ಅಲ್ಲ, ಬಸ್ ಬಗ್ಗೆ. ಸಿಟಿ ಬಸ್, ಸಂಕೇಶ್ವರ ಕಡೆಯ ಬಸ್, ಟೆಂಪೋ, ಗೆಳತಿಯ ಸ್ಕೂಟಿ, ಎಲ್ಲದರಲ್ಲೂ ಓಡಾಡಿ ನೋಡಿದ್ದೇನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೆಳಿಗ್ಗೆ ಹೋಗೋಕೆ ಸಿಟಿ ಬಸ್, ಸಂಜೆ ಬರೋಕೆ ಸಂಕೇಶ್ವರ ಕಡೆಯಿಂದ ಬರುವ ಬಸ್. ಎರಡಕ್ಕೂ ಒಂದೇ ಬಸ್ಸನ್ನೇ ನಂಬಿ ಕೂತವರಿಗೆ ಒಂದಲ್ಲ ಒಂದು ಕಡೆ ಕಾಯುವ ಶಿಕ್ಷೆ ತಪ್ಪಲ್ಲ.

ಬಸ್ ಹತ್ತುವ ಮೊದಲು ಒಂದು ವಿಷಯ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಸುಮ್ನೆ ‘ಯೂನಿವರ್ಸಿಟಿ’ ಎಂದರೆ ಕೆಲಸ ಆಗಲ್ಲ. “ಯಾವ್ ಯೂನಿವರ್ಸಿಟಿ ತಂಗಿ? ಮಚ್ಛೆದೇನ, ಭೂತರಾಮನಹಟ್ಟಿದೇನ?” ಎಂದು ತಿರುಗಿ ಕೇಳುತ್ತಾರೆ. 1998ರಲ್ಲಿ ಶುರುವಾದ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇರುವುದು ಖಾನಾಪುರ ರಸ್ತೆಯಲ್ಲಿ, ಉದ್ಯಮಬಾಗ, ಪೀರನವಾಡಿ ದಾಟಿದ ಮೇಲೆ ಸಿಗುವ ಮಚ್ಛೆಯಲ್ಲಿ. 2010ರಲ್ಲಿ ಶುರುವಾದ ಚನ್ನಮ್ಮ ವಿವಿ ಇರುವುದು ಕೊಲ್ಹಾಪುರ ರಸ್ತೆಯಲ್ಲಿ. ಒಂದು ಊರಿನ ಈ ತುದಿಗೆ, ಇನ್ನೊಂದು ಆ ತುದಿಗೆ. ಕ್ಯಾಂಪಸ್ ಹೆಸರುಗಳೋ, ಅವಳಿ ಮಕ್ಕಳಿಗೆ ಇಟ್ಟ ಹಾಗೆ: ಅದು ಜ್ಞಾನ ಸಂಗಮ, ಇದು ವಿದ್ಯಾ ಸಂಗಮ. ಆಟೋದವರಿಗೆ ಈ ಹೆಸರುಗಳನ್ನು ಹೇಳಲೇಬೇಡಿ, ಊರಿನ ಹೆಸರು ಹೇಳಿ.

ಚನ್ನಮ್ಮ ವಿವಿ ವಿಳಾಸದಲ್ಲಿ ‘ಪುಣೆ–ಬೆಂಗಳೂರು ರಸ್ತೆ’ ಎಂದಿರುತ್ತದೆ. ಆದರೆ ಆ ರಸ್ತೆ ಬೆಳಗಾವಿಯ ಎರಡೂ ಕಡೆಗೆ ಹೋಗುತ್ತದೆ ಅಲ್ವಾ? ಧಾರವಾಡದ ಕಡೆ ಹೊರಟರೆ ಸುವರ್ಣ ವಿಧಾನಸೌಧ ಸಿಗುತ್ತದೆ, ಇನ್ನೂ ಮುಂದೆ ಹಿರೇಬಾಗೇವಾಡಿ. ಅಲ್ಲೂ ಇದೇ ವಿವಿಯ ಹೊಸ ಕ್ಯಾಂಪಸ್ಸಿನ ಜಾಗ ಇದೆ. ಹಾಗಾಗಿ ಸಂದರ್ಶನಕ್ಕೋ ಪರೀಕ್ಷೆಗೋ ಪತ್ರ ಬಂದರೆ ಅದರಲ್ಲಿ ಯಾವ ಊರಿದೆ ಎಂದು ಮೊದಲು ನೋಡಿ. ಭೂತರಾಮನಹಟ್ಟಿ ಎಂದಿದ್ದರೆ ಕಾಕತಿ ದಾಟಿ ಹೋಗಬೇಕು, ನಗರದಿಂದ ಸುಮಾರು 18 ಕಿಲೋಮೀಟರ್. ಕಾಕತಿ ಎಂದರೆ ಕಿತ್ತೂರು ಚನ್ನಮ್ಮ ಹುಟ್ಟಿದ ಊರು. ಅವರ ಹೆಸರಿನ ವಿವಿಗೆ ಅವರ ತವರಿನ ಮುಂದಿನಿಂದಲೇ ಬಸ್ ಹೋಗುತ್ತದೆ.

ಈಗ ಬಸ್ಸಿಗೆ ಬರೋಣ. ಸಿಟಿ ಬಸ್ ಹೊರಡುವುದು ಸಿಬಿಟಿಯಿಂದ, ಅಂದರೆ ಸಿಟಿ ಬಸ್ ಸ್ಟ್ಯಾಂಡಿನಿಂದ. ಚನ್ನಮ್ಮ ವೃತ್ತ, ಕೊಲ್ಹಾಪುರ ವೃತ್ತ, ಕೆಎಲ್‌ಇ ಆಸ್ಪತ್ರೆ ದಾಟಿ ಹೆದ್ದಾರಿಗೆ ಬೀಳುತ್ತದೆ. ನಿಧಾನ, ಅದು ನಿಜ. ಕೈ ಮಾಡಿದಲ್ಲೆಲ್ಲ ನಿಲ್ಲುತ್ತದೆ. ಕಾಕತಿಯಲ್ಲಿ ಶಾಲೆ ಮಕ್ಕಳು, ತರಕಾರಿ ಬುಟ್ಟಿ ಹೊತ್ತ ಹೆಂಗಸರು ಹತ್ತಿ ಇಳಿಯುವುದರಲ್ಲೇ ಐದು ನಿಮಿಷ ಹೋಗುತ್ತದೆ. ಆದರೆ ಇದರ ಒಂದು ಗುಣಕ್ಕೆ ಬೇರೆ ಯಾವುದೂ ಸಾಟಿಯಿಲ್ಲ: ಎಲ್ಲಿ ಇಳಿಯಬೇಕು ಅನ್ನುವ ಚಿಂತೆ ಇಲ್ಲ. ಬಸ್ಸಿನಲ್ಲಿ ಅರ್ಧ ಜನ ಅಲ್ಲಿಗೇ ಹೊರಟವರು. ಸ್ಟಾಪ್ ಬರುವ ಮೊದಲೇ “ಯೂನಿವರ್ಸಿಟಿಯವ್ರು ಮುಂದ ಬರ್ರಿ” ಎಂದು ಕಂಡಕ್ಟರ್ ಕೂಗು ಹಾಕುತ್ತಾರೆ. ಮೊದಲ ಸಲ ಬರುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

ನನ್ನ ರೂಮು ನೆಹರು ನಗರದಲ್ಲಿ. ಅಲ್ಲಿಂದ ಕೊಲ್ಹಾಪುರ ವೃತ್ತ ಹತ್ತಿರ, ಸಿಬಿಟಿ ದೂರ. ಹತ್ತಿರದ ಸ್ಟಾಪಿನಲ್ಲಿ ನಿಂತರೆ ಸಮಯ ಉಳಿಯಬೇಕು ತಾನೇ? ಬೆಳಿಗ್ಗೆ ಹಾಗಾಗಲ್ಲ. ಬಸ್ ಅಲ್ಲಿಗೆ ಬರುವಷ್ಟರಲ್ಲಿ ಫುಟ್‌ಬೋರ್ಡಿನ ತನಕ ತುಂಬಿರುತ್ತದೆ. ಡ್ರೈವರ್ ಕೈ ಆಡಿಸಿ ‘ಹಿಂದಿನ ಗಾಡಿಗೆ ಬರ್ರಿ’ ಎಂದು ಸನ್ನೆ ಮಾಡಿ ಹೋಗಿಬಿಡುತ್ತಾನೆ. ಅದಕ್ಕೇ ಒಂಬತ್ತರ ಒಳಗೆ ತರಗತಿಗೆ ಹೊರಡುವವರು ಹಿಂದಕ್ಕೆ ಸಿಬಿಟಿಗೆ ಹೋಗಿ ಸೀಟು ಹಿಡಿದು ಕೂರುವುದೇ ಜಾಣತನ. ಹನ್ನೊಂದರ ಮೇಲಾದರೆ ಕೊಲ್ಹಾಪುರ ವೃತ್ತದಲ್ಲೇ ನಿಲ್ಲಿ, ಆರಾಮಾಗಿ ಜಾಗ ಸಿಗುತ್ತದೆ. ಭಾನುವಾರ, ರಜಾದಿನ ಮಾತ್ರ ಲೆಕ್ಕ ಬೇರೆ. ಭೂತರಾಮನಹಟ್ಟಿಯ ಕಿರು ಮೃಗಾಲಯಕ್ಕೆ ಹೊರಟ ಮನೆಮಂದಿಯೆಲ್ಲ ಅದೇ ಬಸ್ಸಿನಲ್ಲಿ ಇರುತ್ತಾರೆ. ಲೈಬ್ರರಿಗೆ ಹೊರಟ ನಮ್ಮ ಪಕ್ಕ ಹುಲಿ ನೋಡೋಕೆ ಹೊರಟ ಮಕ್ಕಳು.

ಸಂಕೇಶ್ವರ, ಹುಕ್ಕೇರಿ, ಚಿಕ್ಕೋಡಿ, ನಿಪ್ಪಾಣಿಗೆ ಹೋಗುವ ಬಸ್ಸುಗಳು ಹೊರಡುವುದು ಪಕ್ಕದ ದೊಡ್ಡ ಬಸ್ ಸ್ಟ್ಯಾಂಡಿನಿಂದ. ಇವು ಹೆದ್ದಾರಿಗೆ ಬಿದ್ದ ಮೇಲೆ ಸಿಟಿ ಬಸ್ಸಿಗಿಂತ ಚೆನ್ನಾಗಿ ಓಡುತ್ತವೆ. ಕಾಲು ಗಂಟೆಯಾದರೂ ಉಳಿಯುತ್ತದೆ. ತೊಂದರೆ ಇರುವುದು ಬೋರ್ಡಿನಲ್ಲಿ. ‘ಸಾಮಾನ್ಯ’ ಎಂದಿದ್ದರೆ ನಿಲ್ಲುತ್ತದೆ. ‘ತಡೆರಹಿತ’ ಎಂದಿದ್ದರೆ ಹತ್ತಬೇಡಿ. ಎಕ್ಸ್‌ಪ್ರೆಸ್ ಆದರೆ ಕಂಡಕ್ಟರ್ ಮನಸ್ಸು. ಹತ್ತುವ ಮೊದಲೇ ಬಾಗಿಲ ಹತ್ತಿರ ನಿಂತು “ಯೂನಿವರ್ಸಿಟಿಗೆ ನಿಲ್ಲಸ್ತೀರೇನ್ರಿ?” ಎಂದು ಕೇಳಿ. ತಲೆ ಆಡಿಸಿದರೆ ಸಾಲದು, ಬಾಯಿ ಬಿಟ್ಟು ‘ಹೂಂ’ ಅನ್ನಬೇಕು. ಒಂದು ದೂರದ ಬಸ್ಸಿನಲ್ಲಿ ನಮ್ಮ ಕ್ಲಾಸಿನ ಮೂವರನ್ನು ಸ್ಟಾಪ್ ದಾಟಿಸಿ ವಂಟಮೂರಿ ಘಾಟ್ ಹತ್ತಿರ ಇಳಿಸಿದರು. ಅಲ್ಲಿಂದ ವಾಪಸ್ ಬರುವಷ್ಟರಲ್ಲಿ ಇಂಟರ್ನಲ್ ಪರೀಕ್ಷೆಯ ಮೊದಲ ಪ್ರಶ್ನೆಗೆ ಉಳಿದವರು ಉತ್ತರ ಬರೆದು ಮುಗಿಸಿದ್ದರು. ಕೆಲವು ಹಿರಿಯ ಕಂಡಕ್ಟರರಿಗೆ ‘ಯೂನಿವರ್ಸಿಟಿ’ಗಿಂತ ‘ಪಿಜಿ ಸೆಂಟರ್’ ಎಂದರೆ ಬೇಗ ತಿಳಿಯುತ್ತದೆ. ವಿವಿ ಆಗುವ ಮೊದಲು ಇಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ.

ದುಡ್ಡಿನ ಮಾತು. ನಮ್ಮಂಥ ಹುಡುಗಿಯರಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಿಟಿ ಬಸ್ ಮತ್ತು ಸಾಮಾನ್ಯ ಬಸ್ ಎರಡೂ ಒಂದೇ. ಆಧಾರ್ ತೋರಿಸಿದರೆ ಮೆಷಿನ್ನಿನಿಂದ ಸೊನ್ನೆ ರೂಪಾಯಿಯ ಟಿಕೆಟ್ ಸುರುಳಿಯಾಗಿ ಬರುತ್ತದೆ. ಫ್ರೀ ತಾನೇ ಎಂದು ಅದನ್ನು ಬಿಸಾಡಬೇಡಿ, ಚೆಕಿಂಗ್‌ನವರು ಹತ್ತಿದರೆ ತೋರಿಸಲೇಬೇಕು. ಅದೇ ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಶಕ್ತಿ ನಡೆಯಲ್ಲ. ಹುಡುಗರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಬೇಕು. ಪಾಸ್ ಬರುವ ತನಕ ದಿನಾ ಟಿಕೆಟ್. ಅಡ್ಮಿಷನ್ ಆದ ವಾರವೇ ಅರ್ಜಿ ಹಾಕಿ ಎಂದು ನಮ್ಮ ಕ್ಲಾಸಿನ ಹುಡುಗರಿಗೆ ಹೇಳಿದ್ದೆ. ಯಾರೂ ಕೇಳಲಿಲ್ಲ ಬಿಡಿ.

ಟೆಂಪೋ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ತುಂಬುವ ತನಕ ಹೊರಡಲ್ಲ, ಹೊರಟ ಮೇಲೆ ನಿಲ್ಲಲ್ಲ. ಆಟೋ ಹಿಡಿದರೆ ಅಷ್ಟು ದೂರಕ್ಕೆ ವಾಪಸ್ ಬಾಡಿಗೆಯನ್ನೂ ಸೇರಿಸಿ ಕೇಳುತ್ತಾರೆ. ನಾಲ್ಕು ಜನ ಇದ್ದು, ಪರೀಕ್ಷೆಗೆ ತಡವಾಗಿದ್ದರೆ ಮಾತ್ರ ಯೋಚನೆ ಮಾಡಿ.

ಸ್ಕೂಟಿ ಎಲ್ಲಕ್ಕಿಂತ ಬೇಗ. ಕಾಯುವ ಗೋಳಿಲ್ಲ, ನೇರ ವಿಭಾಗದ ಮುಂದೆಯೇ ಇಳಿಯಬಹುದು. ಆದರೂ ನನ್ನ ಪಟ್ಟಿಯಲ್ಲಿ ಅದು ಕೆಳಗೇ ಇದೆ. ಆ ಹೆದ್ದಾರಿ ಪುಣೆ, ಮುಂಬಯಿ ಲಾರಿಗಳ ದಾರಿ. ಈಗ ಅದರ ನಂಬರ್ 48, ನಮ್ಮ ಜನ ಇನ್ನೂ ‘ಎನ್‌ಎಚ್ ಫೋರ್’ ಎಂದೇ ಕರೆಯುತ್ತಾರೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಸ್ಕೂಟಿ ಒಂದು ಮೊಳ ಆಚೆ ಸರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿ ಮಳೆ ಗೊತ್ತಲ್ಲ, ಮೇಲಿಂದ ಅಲ್ಲ, ಅಡ್ಡಡ್ಡ ಹೊಡೆಯುತ್ತದೆ. ರೇನ್‌ಕೋಟ್ ಹಾಕಿದರೂ ಬ್ಯಾಗಿನಲ್ಲಿದ್ದ ನೋಟ್ಸ್ ಒದ್ದೆ. ಚಳಿಗಾಲದ ಬಿಸಿಲಲ್ಲಿ, ಒಳ್ಳೇ ಓಡಿಸುವವರ ಹಿಂದೆ ಕೂರೋದಾದರೆ ಸರಿ.

ಗೇಟಿನ ಒಳಗೆ ಹೋದ ಮೇಲೆ ಇನ್ನೊಂದು ಸ್ಪರ್ಧೆ: ಫೋನ್ ಮ್ಯಾಪೋ, ಜನರ ಬಾಯಿಯೋ? ಮ್ಯಾಪ್‌ನಲ್ಲಿ ‘ರಾಣಿ ಚನ್ನಮ್ಮ’ ಎಂದು ಟೈಪ್ ಮಾಡಿ ನೋಡಿ. ಸಿಟಿಯ ವೃತ್ತ ಬರುತ್ತದೆ, ಮೃಗಾಲಯ ಬರುತ್ತದೆ, ಬೆಂಗಳೂರಿಗೆ ಹೋಗುವ ರೈಲೂ ಬರುತ್ತದೆ. ‘ಭೂತರಾಮನಹಟ್ಟಿ’ ಎಂದು ಸೇರಿಸಿ ಹುಡುಕಿದರೆ ಗೇಟಿನ ತನಕ ಮ್ಯಾಪ್ ಪಕ್ಕಾ ಕರೆದೊಯ್ಯುತ್ತದೆ. ಒಳಗಿನ ಕಟ್ಟಡಗಳಿಗೆ ಮಾತ್ರ ಬಾಯಿಯೇ ಗೆಲ್ಲುತ್ತದೆ. ಆದರೆ ಯಾರನ್ನು ಕೇಳುತ್ತೀರಿ ಅನ್ನೋದು ಮುಖ್ಯ. ಸೀನಿಯರ್‌ಗಳಿಗೆ ತಮ್ಮ ವಿಭಾಗ, ಹಾಸ್ಟೆಲ್, ಕ್ಯಾಂಟೀನ್ ಬಿಟ್ಟರೆ ಬೇರೆ ಗೊತ್ತಿರಲ್ಲ. ಗೇಟಿನ ಸೆಕ್ಯುರಿಟಿಯವರಿಗೆ ಎಲ್ಲ ಗೊತ್ತು, ಆದರೆ ಅವರಿಗೆ ಕಟ್ಟಡದ ಹೆಸರಲ್ಲ, ನಿಮ್ಮ ಕೆಲಸ ಹೇಳಬೇಕು. “ಆಡಳಿತ ಭವನ ಎಲ್ಲಿ?” ಎಂದರೆ ಕೈ ತೋರಿಸಿ ಸುಮ್ಮನಾಗುತ್ತಾರೆ. “ಕಾಕಾ, ಮಾರ್ಕ್ಸ್ ಕಾರ್ಡ್‌ನಾಗ ಹೆಸರು ತಪ್ಪೈತಿ” ಎಂದರೆ ಯಾವ ಕಟ್ಟಡ, ಯಾವ ಮಹಡಿ, ಊಟಕ್ಕೆ ಯಾವಾಗ ಏಳುತ್ತಾರೆ ಎನ್ನುವ ತನಕ ಹೇಳುತ್ತಾರೆ.

ಹಳ್ಳಿಯಿಂದ ಒಂದೇ ದಿನದ ಕೆಲಸಕ್ಕೆ ಬರುವವರು ಹೆಚ್ಚು ಅಲೆಯುವುದು ಇಲ್ಲೇ. ವಿಶ್ವವಿದ್ಯಾಲಯದಲ್ಲಿ ಕುಲಸಚಿವರು ಇಬ್ಬರು ಇರುತ್ತಾರೆ. ಒಬ್ಬರು ಆಡಳಿತದ ಕುಲಸಚಿವರು, ಇನ್ನೊಬ್ಬರು ಮೌಲ್ಯಮಾಪನ ಕುಲಸಚಿವರು. ಅಂಕಪಟ್ಟಿ, ಮರುಮೌಲ್ಯಮಾಪನ, ಪರೀಕ್ಷೆಗೆ ಸಂಬಂಧಿಸಿದ್ದೆಲ್ಲ ಎರಡನೆಯವರ ಕಡೆ. ‘ರಿಜಿಸ್ಟ್ರಾರ್ ಆಫೀಸ್’ ಎಂದಷ್ಟೇ ಕೇಳಿಕೊಂಡು ಹೋದವರು ಒಂದು ಸರದಿಯಲ್ಲಿ ನಿಂತು, ತಮ್ಮ ಸರದಿ ಬಂದಾಗ ಇನ್ನೊಂದು ಕಡೆ ಹೋಗಬೇಕು ಎಂದು ತಿಳಿದು ಪೆಚ್ಚಾಗುವುದನ್ನು ನೋಡಿದ್ದೇನೆ. ಅರ್ಜಿ, ಜೆರಾಕ್ಸ್, ಫೋಟೋ ಎಲ್ಲ ಬೆಳಗಾವಿಯಲ್ಲೇ ಮಾಡಿಸಿಕೊಂಡು ಬನ್ನಿ.

ಇನ್ನು ವಾಪಸ್ ಹೋಗುವುದು. ಸಂಜೆ ತರಗತಿ ಬಿಟ್ಟ ಮೇಲೆ ಸಿಟಿ ಬಸ್ಸಿಗೆ ಕಾಯುವವರೇ ಎಲ್ಲ. ಆದರೆ ಅಷ್ಟು ಹೊತ್ತಿಗೆ ಚಿಕ್ಕೋಡಿ, ಸಂಕೇಶ್ವರ ಕಡೆಯಿಂದ ಬೆಳಗಾವಿಗೆ ಬರುವ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ. ಬೆಳಿಗ್ಗೆ ಇದ್ದ ಸ್ಟಾಪಿನ ಚಿಂತೆ ಈಗಿಲ್ಲ, ಎಲ್ಲವೂ ಬೆಳಗಾವಿಗೇ ಹೋಗುತ್ತವೆ. ಸಾಮಾನ್ಯ ಬಸ್ ಕಂಡರೆ ಕೈ ಮಾಡಿ. ಹೆದ್ದಾರಿಯ ಆ ಬದಿಗೆ ಹೋಗಿ ನಿಲ್ಲಬೇಕು, ಡಿವೈಡರ್ ಮೇಲಿಂದ ಮಾತ್ರ ಜಿಗಿಯಬೇಡಿ. ಹತ್ತಿದ ತಕ್ಷಣ ಎಲ್ಲಿ ಇಳಿಯುತ್ತೀರಿ ಎಂದು ಕಂಡಕ್ಟರ್‌ಗೆ ಹೇಳಿಡಿ. ನೆಹರು ನಗರದವರು ಕೆಎಲ್‌ಇ ಹತ್ತಿರ ಇಳಿದರೆ ಸಾಕು. ಸಿಬಿಟಿ ತನಕ ಹೋಗಿ ಮತ್ತೆ ಹಿಂದೆ ಬರುವ ಕೆಲಸ ತಪ್ಪುತ್ತದೆ.