ಮಂಗಳವಾರ ಮೈಸೂರು ಮೃಗಾಲಯ ತೋರಿಸುತ್ತೇವೆ ಎನ್ನುವವರಿಗೆ ಮುಂಗಡ ಕೊಡಬೇಡಿ

ದಾವಣಗೆರೆ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೊರಡುವವರು ಗಾಡಿಗೆ ಹಣ ಕಟ್ಟುವ ಮುನ್ನ ಇದನ್ನು ಓದಿ. ನಮಗಾದದ್ದು ಇನ್ನೊಂದು ಮನೆಯವರಿಗೆ ಆಗುವುದು ಬೇಡ.

ಫೆಬ್ರುವರಿಯಲ್ಲಿ ನಂಜನಗೂಡಿನಲ್ಲಿ ಸಂಬಂಧಿಕರ ಮದುವೆಯಿತ್ತು, ಸೋಮವಾರ ಮುಹೂರ್ತ. ಹೇಗೂ ಅಷ್ಟು ದೂರ ಹೋಗುತ್ತೇವೆ, ಮಾರನೆಯ ದಿನ ಮೃಗಾಲಯ ನೋಡಿಕೊಂಡು ಬರೋಣ ಎಂದು 11 ಜನಕ್ಕೆ ಟೆಂಪೋ ಟ್ರಾವೆಲರ್ ಗೊತ್ತು ಮಾಡಿದೆವು. ಗಾಡಿಯವರು ನಮ್ಮ ಊರಿನವರೇ. ಬಾಡಿಗೆಯ ಮೇಲೆ ತಲೆಗೆ 350 ರೂಪಾಯಿ ಕೊಟ್ಟರೆ ಮೃಗಾಲಯದ ಟಿಕೆಟ್ಟನ್ನೂ ತಾವೇ ಮಾಡಿಸುವುದಾಗಿ ಹೇಳಿದರು. ಹಣ ಹಾಕಿದ ಸಂಜೆಯೇ ಮೊಬೈಲಿಗೆ ಸಂದೇಶ ಬಂತು: ‘ಮಂಗಳವಾರ ಬೆಳಗ್ಗೆ 9 ಗಂಟೆಗೆ ಝೂ. 11 ಟಿಕೆಟ್ ಬುಕ್ ಆಗಿದೆ.’ ಟಿಕೆಟ್ ಸಂಖ್ಯೆ ಇರಲಿಲ್ಲ. ಊರಿನವರಲ್ಲವೇ ಎಂದು ನಾನೂ ಕೇಳಲಿಲ್ಲ.

ನನ್ನ ಮಗಳು ಎರಡನೇ ತರಗತಿ. ಆನಗೋಡಿನ ಕಿರು ಮೃಗಾಲಯವನ್ನು ಎಷ್ಟೋ ಸಲ ನೋಡಿದ್ದಾಳೆ. ಅಲ್ಲಿ ಕಾಣದ ಜಿರಾಫೆ, ಗೊರಿಲ್ಲಾಗಳನ್ನು ನೋಡಬೇಕೆಂದು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಪ್ರಾಣಿಗಳ ಹೆಸರು ಬರೆದು, ಒಂದೊಂದರ ಮುಂದೆ ಸ್ಕೇಲಿನಿಂದ ಪುಟ್ಟ ಚೌಕ ಎಳೆದುಕೊಂಡಿದ್ದಳು. ನೋಡಿದ ಹಾಗೆ ಟಿಕ್ ಹಾಕಬೇಕಂತೆ.

ಒಂಬತ್ತಕ್ಕೆ ಹೋಗಿ ಇಳಿದರೆ ಗೇಟು ಮುಚ್ಚಿತ್ತು. ‘ಮಂಗಳವಾರ ರಜೆ ಸರ್, ನಾಳೆ ಎಂಟೂವರೆಗೆ ಬನ್ನಿ’ ಎಂದರು ಕಾವಲಿನವರು. 1892ರಲ್ಲಿ ಶುರುವಾದ, ಕರ್ನಾಟಕಕ್ಕೆಲ್ಲ ಗೊತ್ತಿರುವ ಮೃಗಾಲಯದ ವಾರದ ರಜೆ ತಿಂಗಳಿಗೆ ನಾಲ್ಕು ಸಲ ಮೈಸೂರಿಗೆ ಗಾಡಿ ಕಳಿಸುವವರಿಗೆ ತಿಳಿಯದೇ? ಪಕ್ಕದ ಕಾರಂಜಿ ಕೆರೆಗೂ ಅಂದೇ ರಜೆ. ಮೊಣಕಾಲು ನೋವಿನ ಅವ್ವ ಫುಟ್‌ಪಾತಿನ ಅಂಚಿನಲ್ಲೇ ಕುಳಿತುಬಿಟ್ಟರು. ಗಾಡಿಯವರು ಫೋನ್ ಎತ್ತಲಿಲ್ಲ.

ಮುಂದೆ ಆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅರಮನೆಗೆ ಹೋಗೋಣ ಎಂದ ಚಾಲಕ ದಾರಿಯಲ್ಲಿ ಒಂದು ಸೀರೆ ಅಂಗಡಿಯ ಮುಂದೆ ನಿಲ್ಲಿಸಿದ. ಹತ್ತು ನಿಮಿಷ ಎಂದದ್ದು ಒಂದೂವರೆ ಗಂಟೆಯಾಯಿತು. ಅಲ್ಲಿಂದ ಗಂಧದೆಣ್ಣೆ ಮಾರುವ ಇನ್ನೊಂದು ಅಂಗಡಿ. ನಾವು ಒಳಗೆ ಕಾಲಿಡುತ್ತಿದ್ದಂತೆ ಕೌಂಟರಿನಲ್ಲಿದ್ದವರು ಉದ್ದನೆಯ ಪುಸ್ತಕ ತೆರೆದು ನಮ್ಮ ಗಾಡಿಯ ನಂಬರನ್ನೂ ಹೊತ್ತನ್ನೂ ಬರೆದುಕೊಂಡರು. ಅದರ ಮೇಲಿನ ಸಾಲುಗಳಲ್ಲೆಲ್ಲ ಗಾಡಿ ನಂಬರುಗಳೇ. ನಮ್ಮನ್ನು ಯಾಕೆ ತಂದು ನಿಲ್ಲಿಸಿದ್ದಾರೆಂದು ಆಗ ಅರ್ಥವಾಯಿತು. ಅರಮನೆಯನ್ನು ಓಡೋಡಿ ನೋಡಿ ಊರಿನ ದಾರಿ ಹಿಡಿದೆವು. ಮಗಳು ಆ ಹಾಳೆಯನ್ನು ಮಡಿಸಿ ನನ್ನ ಜೇಬಿಗೆ ಹಾಕಿದಳು, ಒಂದು ಚೌಕವೂ ತುಂಬಿರಲಿಲ್ಲ.

ಊರಿಗೆ ಬಂದು ಟಿಕೆಟ್ ಹಣ ಕೇಳಿದರೆ, ‘ಬುಕ್ ಆದ ಟಿಕೆಟ್ ವಾಪಸ್ ಆಗುವುದಿಲ್ಲ’ ಎಂಬ ಉತ್ತರ. ಬಾಗಿಲೇ ತೆರೆಯದ ದಿನಕ್ಕೆ ಟಿಕೆಟ್ ಕೊಟ್ಟವರು ಯಾರು, ತೋರಿಸಿ ಎಂದೆ. ತೋರಿಸಲು ಏನೂ ಇರಲಿಲ್ಲ. ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಎಂದ ಮೇಲೆ ಅರ್ಧ ಹಣ ಬಂತು, ಉಳಿದರ್ಧಕ್ಕೆ ಇನ್ನೂ ಅಲೆಯುತ್ತಿದ್ದೇನೆ. ಆ ಸಂದೇಶವನ್ನೂ ಹಣ ಹಾಕಿದ ದಾಖಲೆಯನ್ನೂ ಅಳಿಸದೆ ಇಟ್ಟುಕೊಂಡದ್ದು ಕೆಲಸಕ್ಕೆ ಬಂತು. ಇಂಥ ದೂರಿಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಮೈಸೂರಿಗೆ ಓಡಾಡಬೇಕಿಲ್ಲ.

ಮೈಸೂರು ಮಾತ್ರವಲ್ಲ, ಬನ್ನೇರುಘಟ್ಟಕ್ಕೂ ನಮಗೆ ಹತ್ತಿರದ ತ್ಯಾವರೆಕೊಪ್ಪದ ಸಿಂಹಧಾಮಕ್ಕೂ ಮಂಗಳವಾರವೇ ರಜೆ. ದಸರೆಯಂಥ ದಿನಗಳಲ್ಲಿ ಮೈಸೂರಿನಲ್ಲಿ ಮಂಗಳವಾರವೂ ತೆರೆಯುವುದುಂಟು, ಆದರೆ ಅದನ್ನು ಗಾಡಿಯವರ ಬಾಯಿಂದ ಕೇಳಿ ನಂಬದೆ ಮೃಗಾಲಯಕ್ಕೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಗಾಡಿಯವರಿಗೆ ಬಾಡಿಗೆ ಮಾತ್ರ ಕೊಡಿ. ಟಿಕೆಟ್ಟನ್ನು ಕೌಂಟರಿನಲ್ಲೋ ಮೃಗಾಲಯದ ಸ್ವಂತ ಜಾಲತಾಣದಲ್ಲೋ ನೀವೇ ತೆಗೆದುಕೊಳ್ಳಿ. ದಾರಿಯಲ್ಲಿ ಯಾವ ಅಂಗಡಿಯ ಮುಂದೆಯೂ ನಿಲ್ಲಿಸಬಾರದೆಂದು ಹೊರಡುವ ಮೊದಲೇ ಬರೆಸಿಕೊಳ್ಳಿ. ಈಗಾಗಲೇ ಮಂಗಳವಾರಕ್ಕೆ ಮುಂಗಡ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ದಿನ ಬದಲಿಸಿಕೊಳ್ಳಿ.