ಕೆರೆ–ದಡ ಆಡಿಸಿ ನಮ್ಮ ಮನೆಯವರ ಫೋಟೋ ತೆಗೆದವರು

ನಮ್ಮ ಮಾವನವರು ನಗುತ್ತಿರುವ ಫೋಟೋ ಒಂದೂ ನಮ್ಮ ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾಯಿತು. ನಮ್ಮ ಮದುವೆ ಆಲ್ಬಮ್ಮಿನಲ್ಲೇ ಅವರು ಹತ್ತಾರು ಕಡೆ ಇದ್ದಾರೆ. ಎಲ್ಲದರಲ್ಲೂ ದವಡೆ ಬಿಗಿದು, ಕೈ ಎರಡೂ ತೊಡೆಗೆ ಅಂಟಿಸಿ ನಿಂತಿದ್ದಾರೆ, ಮತದಾರರ ಚೀಟಿಯ ಫೋಟೋದ ಹಾಗೆ. ಮನೆಯಲ್ಲಿ ನೋಡಿದರೆ ಬೇರೆಯೇ ಮನುಷ್ಯ. ಹತ್ತಿ ಗಿರಣಿಯಲ್ಲಿ ದುಡಿದ ಕಾಲದ ಕತೆ ತೆಗೆದರೆ, ಕತೆ ಮುಗಿಯುವ ಮೊದಲೇ ತಾವು ನಕ್ಕು ನಕ್ಕು ಕೆಮ್ಮು ಬರಿಸಿಕೊಳ್ಳುವವರು. ಆ ಮುಖ ಮೊಮ್ಮಕ್ಕಳಿಗೆ ಉಳಿಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಹೋದ ವರ್ಷ ಪುಟ್ಟನ ಮೂರನೇ ಹುಟ್ಟುಹಬ್ಬಕ್ಕೆ ಊರಿನ ಒಂದು ಸ್ಟುಡಿಯೋಗೆ ಹೋಗಿದ್ದೆವು. ದೊಡ್ಡ ದೊಡ್ಡ ಲೈಟು, ಬಿಳಿ ಕೊಡೆ, ಹಿಂದೆ ಬಣ್ಣದ ಪರದೆ. ‘ಇಲ್ನೋಡು ಕಂದಾ, ಇಲ್ನೋಡು’ ಅಂತ ಮೂವರು ಒಟ್ಟಿಗೆ ಚಪ್ಪಾಳೆ ತಟ್ಟಿದರು. ಫ್ಲ್ಯಾಶ್ ಹೊಡೆದದ್ದೇ ತಡ, ಮಗು ಹೆದರಿ ನನ್ನ ಸೆರಗಿನೊಳಗೆ ಸೇರಿಕೊಂಡಿತು. ಮುಕ್ಕಾಲು ಗಂಟೆ ಅತ್ತ ಮೇಲೆ, ‘ಮಗು ಸ್ವಲ್ಪ ಹಠಮಾರಿ ಅಲ್ವಾ ಮೇಡಂ’ ಅಂದರು. ಆ ಮಾತು ಇವತ್ತಿಗೂ ನನಗೆ ನೋವು ಕೊಡುತ್ತದೆ. ಹಠ ಎಲ್ಲಿತ್ತು? ಹೆದರಿಕೆ ಇತ್ತು. ಏಳು ವರ್ಷದ ಮಗಳು ಆ ದಿನದಿಂದ ಇನ್ನೊಂದು ಕಲಿತಳು. ಮೊಬೈಲ್ ಎತ್ತಿದರೆ ಸಾಕು, ಹಲ್ಲೆಲ್ಲ ಕಾಣುವಂತೆ ‘ಈ’ ಅಂತ ಬಾಯಿ ಅಗಲಿಸುತ್ತಾಳೆ, ಕಣ್ಣಲ್ಲಿ ನಗುವೇ ಇರುವುದಿಲ್ಲ.

ಹಾಗಾಗಿ ಈ ಸಲ ಚಿತ್ರದುರ್ಗದಿಂದ ಬರುವ ಒಬ್ಬ ಫೋಟೋಗ್ರಾಫರ್ ಹೆಣ್ಣುಮಗಳನ್ನು ಕರೆಸಿದೆವು. ನನ್ನ ಸಹೋದ್ಯೋಗಿಯೊಬ್ಬರ ಮನೆ ಫೋಟೋ ನೋಡಿ ನಂಬರ್ ಕೇಳಿದ್ದೆ. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಈಗಿರುವ ಮನೆಗಳೇ ಕೈತುಂಬ ಇವೆಯಂತೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವರು ಕೆಲಸ ಮಾಡಿದ ರೀತಿ ಎಲ್ಲ ತಾಯಂದಿರಿಗೂ ಗೊತ್ತಾಗಬೇಕು. ಯಾರನ್ನೇ ಕರೆಸಿದರೂ ಇದನ್ನು ಕೇಳಿ ಪಡೆಯಬಹುದು.

ಮೊದಲು ಒಂದು ಗುರುವಾರ ಸಂಜೆ ಬರಿಗೈಲಿ ಬಂದರು. ಕ್ಯಾಮೆರಾ ತಂದಿರಲೇ ಇಲ್ಲ. ನೆಲದ ಮೇಲೆ ಕೂತು ಖಾರ ಮಂಡಕ್ಕಿ ತಿನ್ನುತ್ತಾ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು: ‘ನೀವು ಚಿಕ್ಕವರಿದ್ದಾಗ ಏನು ಆಡ್ತಿದ್ರಿ?’ ಅತ್ತೆ ಕುಂಟೆಬಿಲ್ಲೆ, ಗಜ್ಜುಗ ಅಂದರು. ಮಾವ ಚಿನ್ನಿದಾಂಡು, ಬುಗುರಿ ಅಂದವರು, ಬುಗುರಿಗೆ ಹಗ್ಗ ಸುತ್ತುವುದು ಹೇಗೆ ಅಂತ ಲಾಡಿ ಹಿಡಿದು ತೋರಿಸಿಯೇ ಬಿಟ್ಟರು. ಆಕೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಪುಟ್ಟ ಅವರ ಚೀಲ ತಡಕಿದ, ಮಡಿಲಲ್ಲಿ ಕೂತ. ಆ ಒಂದು ಗಂಟೆಯಲ್ಲೇ ಅವರು ಅವನಿಗೆ ‘ಅಕ್ಕ’ ಆಗಿದ್ದರು. ಬಟ್ಟೆ ಬಗ್ಗೆ ಹೇಳಿದ್ದು ಒಂದೇ ಮಾತು: ಮಣ್ಣಲ್ಲಿ ಕೂತರೂ ಬೇಜಾರಾಗದಂಥ ಹತ್ತಿ ಬಟ್ಟೆ ಹಾಕಿಕೊಳ್ಳಿ, ದೊಡ್ಡ ಅಕ್ಷರ ಬರೆದ ಟೀ ಶರ್ಟು ಮಾತ್ರ ಬೇಡ. ಜರಿ ಲಂಗ ಚುಚ್ಚುತ್ತದೆ ಅಂತ ಮಗಳು ಯಾವಾಗಲೂ ಗೊಣಗುತ್ತಿದ್ದಳು. ಅವತ್ತು ಅದು ಬೀರುವಿನಲ್ಲೇ ಉಳಿಯಿತು.

ನನಗೆ ದುರ್ಗದ ಕೋಟೆಯಲ್ಲಿ ತೆಗೆಸಬೇಕು ಅಂತ ಇತ್ತು. ನಮ್ಮ ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್ ತಾನೆ, ಬೆಳಿಗ್ಗೆ ಹೊರಟರಾಯಿತು ಅಂದೆ. ಅವರು ತಮ್ಮ ಊರಿನ ಕೋಟೆಯನ್ನೇ ಬೇಡ ಅಂದರು. ಮೆಟ್ಟಿಲು ಹತ್ತುವಷ್ಟರಲ್ಲಿ ಅಜ್ಜಿ ಮಂಡಿ ಹಿಡಿದುಕೊಳ್ಳುತ್ತಾರೆ, ಮಗು ಎತ್ತಿಕೋ ಅನ್ನುತ್ತದೆ, ಕೈಯಲ್ಲಿ ಬಾಳೆಹಣ್ಣು ಕಂಡರೆ ಕೋತಿಗಳು ಬಿಡುವುದಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಟ್ಟು ಫೋಟೋ ತೆಗೆಯಲು ಅನುಮತಿಯೂ ಬೇಕು. ಇದೆಲ್ಲದರ ಜೊತೆ ಅವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿಗೆ ನಾಟಿತು. ‘ಒನಕೆ ಓಬವ್ವನ ಕಿಂಡಿ ಮುಂದೆ ನಿಂತ್ರೆ ಎಲ್ಲರೂ ಕಿಂಡಿ ತೋರಿಸೋಕೇ ನಿಲ್ತಾರೆ ಅಕ್ಕಾ. ಮಕ್ಕಳಿಗೆ ಬೇಕಾಗಿರೋದು ಓಡೋಕೆ ಸಮತಟ್ಟು ಜಾಗ.’ ಕೊನೆಗೆ ಡಿಸೆಂಬರಿನ ಒಂದು ಭಾನುವಾರ, ಇಲ್ಲೇ ಕುಂದುವಾಡ ಕೆರೆ ಹತ್ತಿರ, ಸಂಜೆ 4:30ಕ್ಕೆ ಅಂತ ನಿಗದಿಯಾಯಿತು. ನೀರಿನ ಕಡೆಗೆ ಮಕ್ಕಳನ್ನು ಬಿಡುವುದಿಲ್ಲ ಅಂತ ಅವರೇ ಮೊದಲು ಹೇಳಿದ್ದರಿಂದ ನನಗೆ ಧೈರ್ಯ ಬಂತು. ನೀರಿನಿಂದ ದೂರ, ಹುಲ್ಲು ಒಣಗಿದ ಒಂದು ಬಯಲಲ್ಲಿ ಸೇರಿದೆವು.

ಕಾಲಿನ ತುದಿಯಲ್ಲಿ ಮಣ್ಣಿನ ಮೇಲೆ ಉದ್ದ ಗೆರೆ ಎಳೆದು, ‘ಇತ್ತ ದಡ, ಅತ್ತ ಕೆರೆ. ಅಜ್ಜಾರು ಕೂಗ್ತಾರೆ, ತಪ್ಪಿದೋರು ಔಟ್’ ಅಂದರು. ನಮ್ಮಲ್ಲಿ ಆಡದವರು ಯಾರಿದ್ದಾರೆ ಈ ಆಟ? ಕೆರೆ ಅಂದರೆ ಗೆರೆ ಹಾರಬೇಕು, ದಡ ಅಂದರೆ ಹಿಂದಕ್ಕೆ, ನಿಂತ ಕಡೆಯ ಹೆಸರನ್ನೇ ಮತ್ತೆ ಕೂಗಿದರೆ ಅಲುಗಬಾರದು. ಅವತ್ತು ಇನ್ನೂ ಒಂದು ನಿಯಮ ಇತ್ತು, ಒಂದೂವರೆ ಗಂಟೆ ಯಾರ ಬಾಯಲ್ಲೂ ‘ಫೋಟೋ’ ಅನ್ನುವ ಮಾತು ಬರಕೂಡದು.

ಮನೆಗೆ ಬಂದು ಯೋಚಿಸಿದಾಗಲೇ ನನಗೆ ಅವರ ಲೆಕ್ಕ ತಿಳಿದದ್ದು. ಗೆರೆಯ ಉದ್ದಕ್ಕೂ ನಿಂತವರೆಲ್ಲ ಕೂಗುವವರ ಬಾಯನ್ನೇ ನೋಡುತ್ತಾರೆ. ಕೂಗುವ ಮಾವನವರನ್ನು ನಿಲ್ಲಿಸಿದ್ದು ಕ್ಯಾಮೆರಾದ ಪಕ್ಕದಲ್ಲೇ. ‘ಇಲ್ನೋಡಿ’ ಅಂತ ಒಂದು ಸಲವೂ ಹೇಳದೆ ಐದು ಮುಖ ಅವರ ಕಡೆಗೇ ತಿರುಗಿದ್ದವು. ಗೆರೆ ಎಳೆದ ದಿಕ್ಕೂ ಹಾಗೇ, ಇಳಿಬಿಸಿಲು ನಮ್ಮ ಬೆನ್ನಿಗೆ ಬೀಳುವ ಹಾಗೆ. ಯಾರೂ ಕಣ್ಣು ಕಿವುಚಲಿಲ್ಲ, ಕೂದಲಿನ ಅಂಚೆಲ್ಲ ಹೊಂಬಣ್ಣ ಆಗಿದೆ. ಉದ್ದ ಲೆನ್ಸ್ ಹಾಕಿಕೊಂಡು 20–25 ಅಡಿ ದೂರದಲ್ಲಿ, ಮಂಡಿಯೂರಿ, ಪುಟ್ಟನ ಕಣ್ಣಿನ ಎತ್ತರಕ್ಕೆ ಕೂತಿದ್ದರು. ಫ್ಲ್ಯಾಶ್ ಇಲ್ಲ, ಕ್ಯಾಮೆರಾ ಸದ್ದೂ ಮಾಡುವುದಿಲ್ಲ. ಹಾರುವ ಮಗು ಮಸುಕಾಗದಿರಲು ಶಟರ್ ಸೆಕೆಂಡಿನ 1/800ಕ್ಕೆ ಇಟ್ಟಿದ್ದೆ ಅಂತ ಆಮೇಲೆ ಕೇಳಿದಾಗ ಹೇಳಿದರು.

ಅತ್ತೆ ಎರಡನೇ ಸುತ್ತಿಗೇ ಔಟಾದರು. ಆದರೆ ಗೆರೆ ಬಿಟ್ಟು ಹೋಗಲು ಒಪ್ಪಲಿಲ್ಲ, ‘ನಾ ಹಾರೇ ಇಲ್ಲ, ಕಾಲು ಜಾರ್ತು’ ಅಂತ ವಾದಕ್ಕೆ ನಿಂತರು. ಮಾವ ಮಿಲ್ಲಿನ ಸೈರನ್ನಿನ ಹಾಗೆ ‘ದಡ! ದಡ! ಕೆರೆ! ದಡ!’ ಅಂತ ಒಂದೇ ಉಸಿರಿಗೆ ಕೂಗುವಾಗ ನನ್ನ ಗಂಡ, ಮಗಳು ಎದುರು ಬದುರು ಹಾರಿ ಡಿಕ್ಕಿ ಹೊಡೆದರು. ತಪ್ಪಿದ ಆ ಗಳಿಗೆಯಲ್ಲಿ ಮುಖದ ಮೇಲೆ ಏನು ಬರುತ್ತದಲ್ಲ, ಅದನ್ನು ಯಾವ ಸ್ಟುಡಿಯೋದಲ್ಲೂ ಬರಿಸಲು ಆಗುವುದಿಲ್ಲ. ಮಗಳ ‘ಈ’ ಎಲ್ಲಿ ಹೋಯಿತೋ! ಬಿದ್ದ ಹಲ್ಲಿನ ಸಂದು ಕಾಣುವ ಹಾಗೆ, ಕಣ್ಣು ಸಣ್ಣದಾಗಿ, ಅಪ್ಪನ ಅಂಗಿ ಹಿಡಿದು ನಗುತ್ತಿದ್ದಾಳೆ.

ಆಮೇಲೆ ಲಗೋರಿ. ಏಳು ಚಪ್ಪಟೆ ಕಲ್ಲು ಅವರೇ ಚೀಲದಲ್ಲಿ ತಂದಿದ್ದರು. ಬಟ್ಟೆ ಚೆಂಡು ಬೆನ್ನಿಗೆ ಬಿದ್ದರೂ ನೋವಾಗುವುದಿಲ್ಲ. ಪುಟ್ಟ ಕಲ್ಲು ಜೋಡಿಸುವಾಗ ನಾಲಿಗೆ ತುದಿ ಕಚ್ಚಿಕೊಂಡಿರುವ ಫೋಟೋ ಈಗ ನನ್ನ ಮೊಬೈಲಿನ ಮುಖದ ಮೇಲಿದೆ. ಕಣ್ಣಾಮುಚ್ಚಾಲೆ ಮಾತ್ರ ಅಷ್ಟು ಕೂಡಿ ಬರಲಿಲ್ಲ, ಅಡಗಿದವರ ಬೆನ್ನೇ ಜಾಸ್ತಿ ಬಂದಿವೆ. ಪುಟ್ಟ ಒಮ್ಮೆ ಸುಸ್ತಾಗಿ ಅಳಲು ಶುರುಮಾಡಿದ. ಆಕೆ ಕ್ಯಾಮೆರಾ ಕೆಳಗಿಟ್ಟು, ಅವನು ನೀರು ಕುಡಿದು, ಇರುವೆ ಸಾಲು ನೋಡಿ ಮುಗಿಸುವವರೆಗೆ ಕಾದರು. ಅವಸರ ಮಾಡಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಹತ್ತು ನಿಮಿಷದಲ್ಲಿ.

ಕೊನೆಗೆ ಅವರು ಚೀಲದಿಂದ ಒಂದು ಮರದ ಬುಗುರಿ ತೆಗೆದು ಮಾವನವರ ಕೈಗೆ ಕೊಟ್ಟರು. ಎರಡು ಸಲ ಬಿಸಾಕಿದರು, ಸತ್ತ ಹಾಗೆ ಉರುಳಿತು. ಮೂರನೇ ಸಲ ಗಿರ್ರನೆ ನಿಂತಿತು. ತಿರುಗುವ ಬುಗುರಿಯನ್ನು ಅಂಗೈಗೆ ಎತ್ತಿಕೊಂಡು ಮೊಮ್ಮಗನ ಅಂಗೈಗೆ ಇಳಿಸಿದರು. ಕಚಗುಳಿಗೆ ಅವನು ಕಿರುಚಿದ, ಅವರು ತಲೆ ಹಿಂದಕ್ಕೆ ಎಸೆದು ನಕ್ಕರು. ಒಂಬತ್ತು ವರ್ಷದಿಂದ ನಾನು ಬಯಸಿದ್ದ ಫೋಟೋ ಅದು. ನೋಡಿದಾಗ ಕಣ್ಣು ತುಂಬಿ ಬಂತು.

ಕೊರತೆಯನ್ನೂ ಹೇಳಬೇಕು. ಎರಡು ವಾರ ಅಂದಿದ್ದವರು ಫೋಟೋ ಕೊಟ್ಟದ್ದು 24 ದಿನಕ್ಕೆ. ಸಂಕ್ರಾಂತಿಗೆ ನೆಂಟರಿಗೆ ಕೊಡಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಕೊಟ್ಟ 112 ಫೋಟೋಗಳಲ್ಲಿ ಆರೂ ಜನ ಒಟ್ಟಿಗೆ, ನೇರವಾಗಿ ನೋಡುತ್ತಾ ನಿಂತದ್ದು ಒಂದೂ ಇಲ್ಲ. ಪಡಸಾಲೆ ಗೋಡೆಗೆ ಅಂಥದ್ದೊಂದು ಬೇಕಿತ್ತು ಅಂತ ಅತ್ತೆ ಇವತ್ತಿಗೂ ಅನ್ನುತ್ತಾರೆ, ಅವರ ಮಾತು ಸರಿ. ಮನೆಗೆ ಬಂದ ಹಿರಿಯರು ಮೊದಲು ನೋಡುವುದು ಆ ಗೋಡೆಯನ್ನೇ. ಆಟ ಮುಗಿದು ಎಲ್ಲರೂ ಹುಲ್ಲಿನ ಮೇಲೆ ಕೂತಾಗ ಎರಡು ನಿಮಿಷದಲ್ಲಿ ತೆಗೆಯಬಹುದಿತ್ತು. ನೀವು ತೆಗೆಸುವುದಾದರೆ ಮೊದಲೇ ಹೇಳಿಡಿ.

ದುಡ್ಡು 7,000 ಆಯಿತು, ಪ್ರಿಂಟಿನ ಖರ್ಚು ಬೇರೆ. ನಮ್ಮಂಥ ಮನೆಗೆ ಅದು ಸಣ್ಣ ಮೊತ್ತವಲ್ಲ, ಎರಡು ತಿಂಗಳು ಎತ್ತಿಟ್ಟು ಕೊಟ್ಟಿದ್ದೇನೆ, ಕೊಟ್ಟದ್ದಕ್ಕೆ ಬೇಸರವಿಲ್ಲ. ಫೋಟೋಗ್ರಾಫರ್ ಗೊತ್ತು ಮಾಡುವಾಗ ಮೂರು ಕೇಳಿ: ಮೊದಲೇ ಒಮ್ಮೆ ಮನೆಗೆ ಬರುತ್ತಾರಾ, ಮಗು ಅತ್ತರೆ ಕಾಯುತ್ತಾರಾ, ಸಂಜೆ ಬಿಸಿಲಿಗೆ ಬರುತ್ತಾರಾ. ನಮ್ಮಲ್ಲಿ ಬುಗುರಿ ಫೋಟೋದ ದೊಡ್ಡ ಪ್ರಿಂಟು ಮಾವನವರ ಮಂಚದ ಎದುರು ಗೋಡೆಯಲ್ಲಿದೆ. ಜೊತೆಗೆ ಗಿರಣಿಯಲ್ಲಿ ಕೆಲಸ ಮಾಡಿದ ಗೆಳೆಯರಿಗೆ ತೋರಿಸಲು ಇನ್ನೊಂದು ಸಣ್ಣದು ಮಾಡಿಸಿಕೊಡು ಅಂದಿದ್ದರು, ಅದನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾರೆ.